ಹಾಯಿದೋಣಿಯ ಹಳೇ ಎಂಜಿನ್ನು, ಬೆಂಗಳೂರಲ್ಲಿ ರಿಪೇರಿಯಾದ ನೀರಿನ ಪಂಪು: ಕೆಲವು ವರ್ಷ ಓಡಿಸಿದ ಮೇಲೆ

ತೀರ್ಪು ಮೊದಲೇ ಹೇಳಿಬಿಡ್ತೀನಿ. ಎಂಜಿನ್ನಿಗೆ ತಂಪು ನೀರು ತಳ್ಳೋ ಪಂಪಿನ ಗನ್‌ಮೆಟಲ್ (ಒಂದು ಥರದ ಕಂಚು) ಬಾಡಿ ಬಿರುಕು ಬಿಟ್ಟಿಲ್ಲ ಅಂದ್ರೆ ಹೊಸ ಪಂಪಿಗೆ ದುಡ್ಡು ಹಾಕಬೇಡಿ. ಬೇರಿಂಗು, ಸೀಲು, ಶಾಫ್ಟು ಮೂರೂ ಬೆಂಗಳೂರಲ್ಲೇ ಆಗುತ್ತೆ, ಚೆನ್ನಾಗೂ ಆಗುತ್ತೆ. ಇಂಪೆಲ್ಲರ್, ಅಂದ್ರೆ ಒಳಗೆ ತಿರುಗೋ ರಬ್ಬರ್ ಚಕ್ರ, ಅದೊಂದನ್ನ ಮಾತ್ರ ಕಂಪನಿಯದ್ದೇ ತರಿಸಿ.

ದೋಣಿ ಇರೋದು ಕಾರವಾರದಲ್ಲಿ, ಕಾಳಿ ನದಿ ಕಡಲು ಸೇರೋ ಕಡೆ. ಇಪ್ಪತ್ತಾರು ಅಡಿಯದ್ದು, ಬೆಂಗಳೂರಿನ ಗೆಳೆಯರೆಲ್ಲ ಪಾಲು ಹಾಕಿ ಕೊಂಡಿದ್ದು. ಒಳಗಿರೋದು 1980ರ ದಶಕದ ಎರಡು ಸಿಲಿಂಡರ್ ಡೀಸೆಲ್. ಗಾಳಿ ಇದ್ದಾಗ ಎಂಜಿನ್ ಬೇಕಾಗಲ್ಲ ನಿಜ, ಆದರೆ ಇಳಿತದ ಹೊತ್ತಲ್ಲಿ ನದಿಯ ಸೆಳೆತಕ್ಕೆ ಎದುರಾಗಿ ಒಳಗೆ ಬರೋವಾಗ ಅದೇ ಗತಿ. ಪಂಪ್ ಬಿಚ್ಚಿದ್ರೆ ಒಂದು ಟಿಫನ್ ಡಬ್ಬಿಯಷ್ಟೇ ಇರುತ್ತೆ. ಬ್ಯಾಗಿಗೆ ಹಾಕಿಕೊಂಡು ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದ್ರೆ ಬೆಳಿಗ್ಗೆ ಬೆಂಗಳೂರು.

ಈ ಪಂಪು ನಮ್ಮ ಸಂಪಿನ ಮೋಟರ್ ಥರದ್ದಲ್ಲ. ಒಳಗೆ ತಿರುಗೋದು ರಬ್ಬರ್ ಚಕ್ರ, ಅದಕ್ಕೆ ಬಾಗೋ ರೆಕ್ಕೆಗಳು. ಬಾಡಿಯ ಒಂದು ಬದಿಯಲ್ಲಿ ಕ್ಯಾಮ್ ಅಂತ ಒಂದು ಉಬ್ಬು ಇರುತ್ತೆ. ಅಲ್ಲಿ ಬಂದಾಗ ರೆಕ್ಕೆ ಮಡಚಿಕೊಂಡು ನೀರನ್ನ ಹೊರಕ್ಕೆ ತಳ್ಳುತ್ತೆ, ದಾಟಿದ ಮೇಲೆ ನೆಟ್ಟಗಾಗಿ ಹೊಸ ನೀರು ಎಳೆಯುತ್ತೆ. ನಮ್ಮ ಎಂಜಿನ್ನಿಗೆ ರೇಡಿಯೇಟರ್ ಇಲ್ಲ, ಕಡಲ ನೀರೇ ನೇರವಾಗಿ ಒಳಗೆ ಸುತ್ತಿ, ಎಕ್ಸಾಸ್ಟಿನ ರಬ್ಬರ್ ಹೋಸನ್ನೂ ತಂಪು ಮಾಡಿ ಹಿಂದೆ ಉಗುಳುತ್ತೆ. ನೀರು ಕಮ್ಮಿಯಾಗಿ ಬಿಸಿ 60 ಡಿಗ್ರಿ ದಾಟಿತೋ, ಉಪ್ಪು ಸುಣ್ಣ ಎರಡೂ ಒಳಗಿನ ದಾರಿಯಲ್ಲಿ ಕಟ್ಟಿಕೊಳ್ಳೋಕೆ ಶುರು. ಅದಕ್ಕೇ ಈ ಪುಟ್ಟ ಪಂಪಿನ ಬಗ್ಗೆ ನನಗೆ ಇಷ್ಟೊಂದು ಕಾಳಜಿ.

ತೊಂದರೆ ಗೊತ್ತಾಗಿದ್ದು ಪಂಪಿನ ಹೊಟ್ಟೆ ಕೆಳಗಿನ ಸಣ್ಣ ತೂತಿಂದ. ಅದರ ಅಂಚಲ್ಲಿ ಬಿಳಿ ಉಪ್ಪು ಹರಳುಗಟ್ಟಿತ್ತು, ಎಂಜಿನ್ ಓಡುವಾಗ ಒಂದೊಂದೇ ಹನಿ ಬೀಳ್ತಿತ್ತು. ಆ ತೂತು ಇರೋದೇ ಇದನ್ನ ತೋರಿಸೋಕೆ. ಒಳಗೆ ಎರಡು ಸೀಲು, ಒಂದು ನೀರನ್ನ ತಡೆಯೋಕೆ, ಇನ್ನೊಂದು ಎಂಜಿನ್ ಆಯಿಲನ್ನ ತಡೆಯೋಕೆ. ನಡುವಿನ ಖಾಲಿ ಜಾಗಕ್ಕೆ ಈ ತೂತು. ನೀರು ಬಂದ್ರೆ ನೀರಿನ ಸೀಲು ಹೋಗಿದೆ, ಆಯಿಲ್ ಬಂದ್ರೆ ಆಯಿಲ್ ಸೀಲು. ಕೆಲವರು ಇದಕ್ಕೆ ಎಂ-ಸೀಲ್ ಮೆತ್ತಿ ಹನಿ ನಿಲ್ಲಿಸಿಬಿಡ್ತಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ನಮ್ಮ ಪಂಪಿನ ಹಾಗೆ ಎಂಜಿನ್ನಿನ ಗೇರಿಗೆ ನೇರವಾಗಿ ಕೂತಿದ್ರೆ, ಹೊರಗೆ ಹೋಗಲಾರದ ಉಪ್ಪುನೀರು ಮೊದಲು ಬೇರಿಂಗನ್ನ ತಿನ್ನುತ್ತೆ, ಆಮೇಲೆ ಆಯಿಲಿಗೆ ಸೇರುತ್ತೆ. ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಬೆಳ್ಳಗೆ ಕಾಣೋ ಹೊತ್ತಿಗೆ ಖರ್ಚು ಎಲ್ಲೋ ಹೋಗಿರುತ್ತೆ.

ವಿದೇಶದಿಂದ ಹೊಸ ಪಂಪ್ ತರಿಸಿದ್ರೆ ಶಿಪ್ಪಿಂಗು, ಕಸ್ಟಮ್ಸು ಸೇರಿ ನಲವತ್ತು ಸಾವಿರದ ಮೇಲೆ ಅಂತ ಲೆಕ್ಕ ಬಂತು. ಕಾಮಾಕ್ಷಿಪಾಳ್ಯದ ಒಂದು ಲೇತ್ ಅಂಗಡಿಯಲ್ಲಿ ಬಿಚ್ಚಿಸಿದ್ವಿ. ಹಳೇ ಮಾಲೀಕರು ಹಾಕಿಸಿದ್ದ ಸೀಲು ಹೊರಗೆ ಬಂತು. ರಬ್ಬರ್ ಅಂಚು ಇನ್ನೂ ಮೆತ್ತಗೇ ಇತ್ತು. ಆದರೆ ಆ ಅಂಚನ್ನ ಶಾಫ್ಟಿಗೆ ಅಮುಕಿ ಹಿಡಿಯೋ ಸುರುಳಿ ಸ್ಪ್ರಿಂಗು ಉಗುರಲ್ಲಿ ಮುಟ್ಟಿದ್ರೆ ಕಂದು ಪುಡಿಯಾಗಿ ಉದುರಿತು. ಜೆ.ಸಿ. ರೋಡಲ್ಲಿ ಸಿಗೋ ಮಾಮೂಲಿ ಆಯಿಲ್ ಸೀಲಿಗೆ ಸಾದಾ ಉಕ್ಕಿನ ಸ್ಪ್ರಿಂಗ್ ಇರುತ್ತೆ. ಕಾರಿಗೆ, ಟ್ರ್ಯಾಕ್ಟರಿಗೆ ಅದು ಧಾರಾಳ ಸಾಕು. ಉಪ್ಪುನೀರಿಗೆ ಸ್ಟೇನ್‌ಲೆಸ್ ಸ್ಪ್ರಿಂಗೇ ಬೇಕು. ಸೀಲ್ ಕೇಳುವಾಗ ಒಳ ಅಳತೆ, ಹೊರ ಅಳತೆ, ದಪ್ಪ ಅಂತ ಮೂರು ಅಂಕಿ ಹೇಳಿ, ಜೊತೆಗೆ ‘ಎಸ್ಎಸ್ ಸ್ಪ್ರಿಂಗ್’ ಅಂತ ಒತ್ತಿ ಹೇಳಿ. ಮೊದಲ ಅಂಗಡಿಯಲ್ಲೇ ಸಿಗಲ್ಲ. ತರಿಸಿಕೊಡ್ತೀನಿ ಅನ್ನೋ ಅಂಗಡಿಯವರು ಸಿಗೋ ತನಕ ಸುತ್ತಿ, ಸುತ್ತಿದ್ದಕ್ಕೆ ಮೋಸ ಇಲ್ಲ.

ಬೇರಿಂಗ್ ವಿಷಯದಲ್ಲಿ ತಲೆನೋವೇ ಇಲ್ಲ. ನಮ್ಮದರಲ್ಲಿ 6201, ಅಂದ್ರೆ ಒಳಗೆ 12, ಹೊರಗೆ 32, ಅಗಲ 10 ಮಿಲಿಮೀಟರ್. ಎರಡೂ ಕಡೆ ರಬ್ಬರ್ ಮುಚ್ಚಳ ಇರೋ 2ಆರ್‌ಎಸ್ ತಗೊಳ್ಳಿ. ಕಂಪನಿ ಡಬ್ಬಿಯಲ್ಲಿ ಬಂದ್ರೂ ಅದೇ ನಂಬರಿನ ಬೇರಿಂಗೇ, ಬೆಲೆ ಮಾತ್ರ ಹಲವು ಪಟ್ಟು.

ಶಾಫ್ಟೇ ಈ ಕೆಲಸದ ಜೀವಾಳ. ಸೀಲು ಉಜ್ಜಿ ಉಜ್ಜಿ ಅದರ ಮೇಲೆ ಉಗುರು ಸಿಕ್ಕಿಕೊಳ್ಳೋಷ್ಟು ಗೀರು ಬಿದ್ದಿತ್ತು. ಲೇತ್ ಅಂಗಡಿಯ ಹಿರಿಯರು ಬೆಳಕಿಗೆ ಹಿಡಿದು ನೋಡಿ, ‘ಸಾರ್, ಹೊಸ ಸೀಲನ್ನ ಎರಡು ಎಂಎಂ ಹಿಂದಕ್ಕೆ ಕೂರಿಸಿದ್ರೆ ಹೊಸ ಜಾಗದಲ್ಲಿ ಓಡುತ್ತೆ, ಶಾಫ್ಟ್ ಖರ್ಚು ಉಳೀತು’ ಅಂದ್ರು. ಒಳ್ಳೇ ಉಪಾಯ, ಎಷ್ಟೋ ಪಂಪುಗಳಿಗೆ ಸರಿಹೋಗುತ್ತೆ. ನಮ್ಮದರಲ್ಲಿ ಹಾಗೆ ಮಾಡಿದ್ರೆ ಸೀಲು ಆ ಸಣ್ಣ ತೂತನ್ನೇ ಮುಚ್ಚಿಬಿಡ್ತಿತ್ತು. ‘ಬೇಡ ಅಣ್ಣ, ಹೊಸದೇ ಮಾಡಿಕೊಡಿ, 316 ಸ್ಟೇನ್‌ಲೆಸ್ ಸ್ಟೀಲಲ್ಲಿ’ ಅಂದೆ. ‘304 ಸಾಕಲ್ವಾ ಸಾರ್?’ ಅಂತ ಕೇಳಿದ್ರು. ಹೊಟೇಲ್ ಪಾತ್ರೆಗೆ 304 ಸಾಕು. ಸೀಲಿನ ಅಂಚಿನಡಿ ಉಪ್ಪುನೀರು ನಿಂತು ಕೊರೆಯೋ ಜಾಗದಲ್ಲಿ ಮಾಲಿಬ್ಡಿನಮ್ ಇರೋ 316 ಹೆಚ್ಚು ಕಾಲ ತಡೆಯುತ್ತೆ. ಅವರು ಇನ್ನೊಂದು ವಿಷಯ ತಾವಾಗೇ ನೋಡಿಕೊಂಡ್ರು. ಲೇತಿನ ಉಳಿ ಬಿಟ್ಟುಹೋಗೋ ಸುರುಳಿ ಗೆರೆ ಉಳಿಯದ ಹಾಗೆ, ಸೀಲು ಕೂರೋ ಜಾಗವನ್ನ ವಾಟರ್ ಪೇಪರಲ್ಲಿ (ನೀರು ಹಾಕಿ ಉಜ್ಜೋ ಉಪ್ಪುಕಾಗದ) ಕನ್ನಡಿ ಥರ ಹೊಳೆಯಿಸಿದ್ರು. ಆ ಗೆರೆ ಉಳಿದಿದ್ರೆ ಶಾಫ್ಟ್ ತಿರುಗಿದಂತೆಲ್ಲ ನೀರು ಅದೇ ದಾರಿ ಹಿಡಿದು ಆಚೆ ಬರುತ್ತೆ, ಸೀಲು ಎಷ್ಟೇ ಒಳ್ಳೇದಿದ್ರೂ ಪ್ರಯೋಜನ ಇಲ್ಲ. ಈ ಕೈಚಳಕಕ್ಕೆ ನಾನು ಪೂರ್ತಿ ಅಂಕ ಕೊಡ್ತೀನಿ.

ಜೋಡಿಸುವಾಗ ಎರಡು ಸೀಲೂ ಬೆನ್ನಿಗೆ ಬೆನ್ನು. ನೀರಿನ ಸೀಲಿನ ಸ್ಪ್ರಿಂಗು ನೀರಿನ ಕಡೆ, ಆಯಿಲ್ ಸೀಲಿನದ್ದು ಆಯಿಲ್ ಕಡೆ. ನಡುವೆ ಶಾಫ್ಟಿಗೆ ಒಂದು ಓ-ರಿಂಗ್ (ರಬ್ಬರ್ ಉಂಗುರ) ಇದ್ರೆ ಸೋರಿದ ನೀರನ್ನ ಬೇರಿಂಗ್ ಕಡೆ ಹೋಗಗೊಡದೆ ಸಿಡಿಸುತ್ತೆ, ಅದನ್ನ ಮರೆತು ಬಿಡಬೇಡಿ.

ಇಂಪೆಲ್ಲರ್ ಕೂಡ ಅಚ್ಚು ಹಾಕಿಸಿಬಿಡೋಣ ಅಂತ ಗೆಳೆಯರಲ್ಲಿ ಒಬ್ಬರು ಹೇಳಿದ್ರು. ನಾನು ಒಪ್ಪಲಿಲ್ಲ. ರೆಕ್ಕೆ ದಿನವಿಡೀ ಮಡಚಿ ಬಿಚ್ಚಬೇಕು, ರಬ್ಬರಿನ ಗಡಸು ಸ್ವಲ್ಪ ಆಚೀಚೆ ಆದ್ರೂ ಬೇಗ ಬಿರಿಯುತ್ತೆ. ಇನ್ನೊಂದು ಅಪಾಯ, ನಡುವಿನ ಲೋಹದ ಕೊಳವೆಗೂ ರಬ್ಬರಿಗೂ ಇರೋ ಅಂಟು ಬಿಟ್ಟರೆ ಶಾಫ್ಟ್ ತಿರುಗುತ್ತೆ, ರಬ್ಬರ್ ನಿಂತೇ ಇರುತ್ತೆ. ಮುಚ್ಚಳ ತೆಗೆದು ನೋಡಿದ್ರೆ ರೆಕ್ಕೆ ಎಲ್ಲಾ ಚೆನ್ನಾಗೇ ಕಾಣ್ತವೆ, ನೀರು ಮಾತ್ರ ಬರಲ್ಲ. ಹಾಕುವಾಗ ಗ್ಲಿಸರಿನ್ ಸವರಿ, ಗ್ರೀಸ್ ಬೇಡ. ನೀರಿಲ್ಲದೆ ಓಡಿದ್ರೆ ನಿಮಿಷದ ಆಟ. ರೆಕ್ಕೆ ಮುರಿದಿದ್ರೆ ತುಂಡುಗಳನ್ನೆಲ್ಲ ಹುಡುಕಿ ತೆಗೆಯಲೇಬೇಕು, ಒಂದು ಒಳಗೆ ಉಳಿದರೂ ಮುಂದಿನ ಕೊಳವೆ ಕಟ್ಟುತ್ತೆ.

ಮುಚ್ಚಳದ ಹಳೇ ಹಿತ್ತಾಳೆ ಸ್ಕ್ರೂಗಳು ತಾಮ್ರದ ಕೆಂಪಿಗೆ ತಿರುಗಿದ್ವು. ಸತು ಕರಗಿಹೋಗಿದೆ ಅಂತ ಅರ್ಥ, ಇನ್ನೊಮ್ಮೆ ಬಿಗಿ ಮಾಡಿದ್ರೆ ತಲೆ ಕಿತ್ತು ಬರುತ್ತೆ. ಬದಲಾಯಿಸಿದ್ವಿ. ಗ್ಯಾಸ್ಕೆಟ್ ಪೇಪರ್ ಹಳೇದರ ದಪ್ಪಕ್ಕೇ ಕತ್ತರಿಸಿ. ದಪ್ಪ ಹೆಚ್ಚಾದ್ರೆ ಇಂಪೆಲ್ಲರಿಗೂ ಮುಚ್ಚಳಕ್ಕೂ ನಡುವೆ ಸಂದು ಬಿದ್ದು ನೀರು ಎಳೆಯೋ ಶಕ್ತಿ ಕುಗ್ಗುತ್ತೆ.

ಈಗ ಬಳಕೆಯ ಮಾತು. ಹಲವು ಮಳೆಗಾಲ ಕಳೆದಿದೆ, ತೂತಿನ ಕೆಳಗೆ ಕಟ್ಟಿಡೋ ಟಿಶ್ಯೂ ಒಣಗೇ ಇದೆ. ಶಾಫ್ಟ್ ಮೇಲೆ ಉಗುರಿಗೆ ಸಿಗೋ ಗೀರಿಲ್ಲ. ಸೀಲನ್ನ ಮುನ್ನೆಚ್ಚರಿಕೆಗೆ ಒಂದು ಸಲ ಬದಲಾಯಿಸಿದ್ವಿ, ಸ್ಪ್ರಿಂಗು ಹೊಳೀತಾನೇ ಇತ್ತು. ಸವೆದಿದ್ದು ಮುಚ್ಚಳದ ತಟ್ಟೆ, ಮಳೆ ಮುಗಿದ ಹೊಸದರಲ್ಲಿ ಕಾಳಿಯ ನೀರಲ್ಲಿ ಬರೋ ಮರಳಿನಿಂದ. ಅದನ್ನ ತಿರುಗಿಸಿ ಇನ್ನೊಂದು ಮುಖ ಒಳಗೆ ಹಾಕಿದ್ದೀವಿ. ಖರ್ಚು ಹೊಸ ಪಂಪಿನ ಕಾಲು ಭಾಗಕ್ಕೂ ಕಮ್ಮಿ, ಅದರಲ್ಲಿ ಹೆಚ್ಚಿನದು ಶಾಫ್ಟಿಗೆ. ಕೊರತೆ ಅಂದ್ರೆ ಓಡಾಟ. ಸೀಸನ್ ನಡುವೆ ಕೆಟ್ಟರೆ ಹೀಗೆ ಬೆಂಗಳೂರಿಗೆ ಹೊತ್ತು ತಂದು ಕಾಯೋಕೆ ಆಗಲ್ಲ. ವಾರಕ್ಕೊಮ್ಮೆ ಜನರನ್ನ ಕೂರಿಸಿಕೊಂಡು ಹೋಗೋರಾದ್ರೆ ಹೊಸ ಪಂಪ್ ತಂದು ಹಾಕಿ, ಹಳೇದನ್ನ ರಿಪೇರಿ ಮಾಡಿಸಿ ಸ್ಪೇರ್ ಇಟ್ಟುಕೊಳ್ಳಿ.

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಮೀನುಗಾರಿಕೆ ದೋಣಿಗಳೂ ದಡದಲ್ಲಿರ್ತವೆ, ನಮ್ಮದೂ ಮೇಲೆ. ಆಗ ಇಂಪೆಲ್ಲರ್ ಬಿಚ್ಚಿ ಸಿಹಿನೀರಲ್ಲಿ ತೊಳೆದು ಕತ್ತಲಲ್ಲಿ ಇಡ್ತೀವಿ, ಒಳಗೇ ಬಿಟ್ರೆ ಮಡಚಿದ ರೆಕ್ಕೆ ಹಾಗೇ ಸೆಟೆದುಕೊಳ್ಳುತ್ತೆ. ನಿಮ್ಮ ಪಂಪ್ ಬಿಚ್ಚೋಕೆ ಹೊರಟಿದ್ರೆ ಹಳೇ ಸೀಲಿನ ಮೇಲೆ ಒತ್ತಿರೋ ಮೂರು ಅಂಕಿಯ ಫೋಟೊ ಮೊದಲೇ ತೆಗೆದಿಟ್ಟುಕೊಳ್ಳಿ. ಹೊರಗೆ ಎಳೆಯುವಾಗ ಸೀಲು ಹರಿದು ಆ ಅಂಕಿಗಳು ಅಳಿಸಿಹೋಗೋದೇ ಹೆಚ್ಚು.