‘ಸೆಕೆಂಡಿಗೆ 10 ರೀಡಿಂಗ್’ ನಂಬಿ ದುಡ್ಡು ಕೊಡಬೇಡಿ

ಫೋನಿನ ಆ್ಯಪ್ ತೋರಿಸುವ 0–100 ಟೈಮಿಂಗ್ (ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು ಹಿಡಿಯುವ ಸಮಯ) ನೋಡಿ ಇಂಜಿನ್ ರೀಮ್ಯಾಪ್‌ಗೆ (ಇಂಜಿನ್ ನಿಯಂತ್ರಿಸುವ ಸಾಫ್ಟ್‌ವೇರ್ ಸೆಟ್ಟಿಂಗ್, ಅಂದರೆ ‘ಮ್ಯಾಪ್’, ಬದಲಿಸುವುದಕ್ಕೆ) ದುಡ್ಡು ಕೊಡಲು ಹೊರಟವರು ದಯವಿಟ್ಟು ಇದನ್ನು ಓದಿ.

ನನ್ನ ಕಾರಿಗೆ ರೀಮ್ಯಾಪ್ ಮಾಡಿದವರು ಫೋನಿನ ಗ್ರಾಫ್ ಮುಂದೆ ಹಿಡಿದು, ‘ನೋಡಿ ಸರ್, ಮೊದಲಿಗಿಂತ 0.7 ಸೆಕೆಂಡು ಬೇಗ’ ಎಂದರು. ಆ್ಯಪ್‌ನಲ್ಲೂ 10 ಹರ್ಟ್ಜ್, ಅಂದರೆ ಸೆಕೆಂಡಿಗೆ 10 ರೀಡಿಂಗ್, ಎಂದೇ ಇತ್ತು. ಆದರೆ ಓಡಿಸುವಾಗ ಆ ಪಿಕಪ್ ಎಲ್ಲೂ ಸಿಗಲಿಲ್ಲ. ಆ್ಯಪ್ ರೀಡಿಂಗ್‌ಗಳನ್ನು ಬರೆದಿಟ್ಟ ಲಾಗ್ ಫೈಲ್ ತರಿಸಿಕೊಂಡು ಎಕ್ಸೆಲ್‌ನಲ್ಲಿ ತೆರೆದೆ.

12.0ರಿಂದ 12.9 ಸೆಕೆಂಡಿನವರೆಗೆ ಹತ್ತೂ ಸಾಲಿನಲ್ಲಿ ವೇಗ 64.8. ಅಕ್ಷಾಂಶ, ರೇಖಾಂಶ ಕೊನೆಯ ಅಂಕಿಯವರೆಗೂ ಅವೇ. 13.0ಕ್ಕೆ ಒಮ್ಮೆಲೇ 72.4, ಮತ್ತೆ ಹತ್ತು ಸಾಲು ಅದೇ. ಫೋನಿನ ಜಿಪಿಎಸ್ ಕೊಟ್ಟದ್ದು ಸೆಕೆಂಡಿಗೆ ಒಂದೇ ರೀಡಿಂಗ್; ಆ್ಯಪ್ ಅದನ್ನೇ ಹತ್ತು ಸಲ ಬರೆದಿತ್ತು. ಇದು ಗ್ರಾಹಕರಿಗೆ ಮಾಡುವ ಮೋಸ ಎಂದೇ ನನ್ನ ಅಭಿಪ್ರಾಯ.

100 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ ಗಾಡಿ ಸುಮಾರು 28 ಮೀಟರ್ ದಾಟಿರುತ್ತದೆ. ಅಷ್ಟರಲ್ಲಿ ಏನಾಯಿತೆಂಬುದು ಫೈಲ್‌ನಲ್ಲಿ ಇರುವುದೇ ಇಲ್ಲ. ಗಾಡಿ ಕದಲಿದ ಕ್ಷಣ ಎರಡು ರೀಡಿಂಗ್‌ಗಳ ನಡುವೆ ಎಲ್ಲಿ ಬಿತ್ತು ಎನ್ನುವುದರ ಮೇಲೆಯೇ ಟೈಮಿಂಗ್ ಅರ್ಧ, ಮುಕ್ಕಾಲು ಸೆಕೆಂಡು ಹಿಂದೆಮುಂದೆ ಆಗಬಹುದು. ನನಗೆ ತೋರಿಸಿದ ‘ಸುಧಾರಣೆ’ ಇದ್ದದ್ದೇ ಅಷ್ಟು. ಇನ್ನು ಕೆಲವು ಆ್ಯಪ್‌ಗಳು ಎರಡು ರೀಡಿಂಗ್‌ಗಳ ನಡುವೆ ನೇರ ಗೆರೆ ಎಳೆದು ಸಾಲು ತುಂಬಿಸುತ್ತವೆ. ಅದನ್ನು ಪತ್ತೆ ಹಚ್ಚುವುದು ಇನ್ನೂ ಕಷ್ಟ: ಗ್ರಾಫ್ ನುಣುಪಾಗಿ ಕಾಣುತ್ತದೆ, ಗೇರ್ ಬದಲಿಸುವಾಗಿನ ಇಳಿತವೇ ಮಾಯವಾಗಿರುತ್ತದೆ.

ಕಾರಿನ ಕಂಪ್ಯೂಟರ್‌ನಿಂದಲೇ ಮಾಹಿತಿ ಓದುವ ಓಬಿಡಿ ಅಡಾಪ್ಟರ್ ಹಾಕಿದರೆ ಸಾಕು ಅನ್ನುವವರಿದ್ದಾರೆ. ಸಾಮಾನ್ಯ ಇಎಲ್‌ಎಂ327 ಅಡಾಪ್ಟರ್ ಒಂದೊಂದೇ ಮಾಹಿತಿ ಕೇಳಿ ಉತ್ತರಕ್ಕೆ ಕಾಯುತ್ತದೆ. ಥ್ರಾಟಲ್, ಕೂಲಂಟ್, ಬೂಸ್ಟ್ ಎಂದು ಸೇರಿಸುತ್ತಾ ಹೋದಷ್ಟೂ ಪ್ರತಿಯೊಂದರ ಪಾಲಿನ ರೀಡಿಂಗ್ ಕಡಿಮೆಯಾಗುತ್ತದೆ. ವೇಗ ಬರುವುದೂ ಪೂರ್ಣಾಂಕದಲ್ಲಿ ಮಾತ್ರ. ಲಾಗ್ ಮಾಡುವುದಿದ್ದರೆ ವೇಗ, ಆರ್‌ಪಿಎಂ ಎರಡನ್ನೇ ಇಟ್ಟುಕೊಳ್ಳಿ.

ಫೋನಿನ ಆ್ಯಕ್ಸಲರೋಮೀಟರ್ ಸೆಕೆಂಡಿಗೆ ನೂರಾರು ರೀಡಿಂಗ್ ಕೊಡುತ್ತದೆ, ನಿಜ. ಆದರೆ ಅದು ಅಳೆಯುವುದು ವೇಗೋತ್ಕರ್ಷವನ್ನು, ಅಂದರೆ ವೇಗ ಬದಲಾಗುವ ದರವನ್ನು; ವೇಗವನ್ನು ಅದರಿಂದ ಕೂಡಿಸುತ್ತಾ ಲೆಕ್ಕ ಹಾಕಬೇಕು. ಆಕ್ಸಿಲರೇಟರ್ ಒತ್ತಿದಾಗ ಗಾಡಿಯ ಮೂತಿ ಮೇಲೇಳುತ್ತದಲ್ಲ, ಆಗ ಫೋನ್ ಒಂದೇ ಡಿಗ್ರಿ ವಾಲಿ ಹಾಗೇ ನಿಂತರೂ ಗುರುತ್ವಾಕರ್ಷಣೆಯ ಒಂದು ಪಾಲು ಆ ಅಳತೆಯಲ್ಲಿ ಸೇರಿ, 10 ಸೆಕೆಂಡಿನಲ್ಲಿ ವೇಗದ ಲೆಕ್ಕ ಗಂಟೆಗೆ ಸುಮಾರು 6 ಕಿ.ಮೀ. ತಪ್ಪುತ್ತದೆ.

ಕೊನೆಗೆ ನಿಜವಾಗಿ 10 ಹರ್ಟ್ಜ್ ಕೊಡುವ ಪ್ರತ್ಯೇಕ ಜಿಪಿಎಸ್ ರಿಸೀವರ್ ಅನ್ನು ಬ್ಲೂಟೂತ್‌ನಲ್ಲಿ ಜೋಡಿಸಿ, ಹಳೆಯ ಮ್ಯಾಪ್ ವಾಪಸ್ ಹಾಕಿಸಿ, ಮುಚ್ಚಿದ ಟ್ರ್ಯಾಕ್‌ನಲ್ಲಿ ಎರಡೂ ಮ್ಯಾಪ್‌ಗಳನ್ನು ಎರಡೂ ದಿಕ್ಕಿನಲ್ಲಿ ಅಳೆದೆ. ವ್ಯತ್ಯಾಸ 0.1 ಸೆಕೆಂಡೂ ದಾಟಲಿಲ್ಲ. ಕೊಟ್ಟ ದುಡ್ಡು ವಾಪಸ್ ಬರಲಿಲ್ಲ.

ಗ್ರಾಫ್ ತೋರಿಸಿದರೆ ಮೂಲ ಫೈಲ್ ಕೇಳಿ. ವೇಗದ ಕಾಲಂನಲ್ಲಿ ಒಂದೇ ಅಂಕಿ ಸಾಲುಸಾಲಾಗಿ ನಿಂತಿದೆಯೇ, ಅಥವಾ ಸೆಕೆಂಡು ಪೂರ್ತಿ ಒಂದೇ ಅಳತೆಯಲ್ಲಿ ಏರುತ್ತಿದೆಯೇ ನೋಡಿ. ಫೈಲ್ ಕೊಡಲು ಒಪ್ಪದಿದ್ದರೆ ಗಾಡಿ ತೆಗೆದುಕೊಂಡು ವಾಪಸ್ ಬನ್ನಿ.