ನ್ಯೂಕ್ಲಿಯೊ ಎಫ್446ಆರ್‌ಇ: ಇಂಟರಪ್ಟ್ ಲೆವೆಲ್ ಕಲಿಯುವವರಿಗೆ ಯಾವ ಬೋರ್ಡ್?

ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಎಂಬೆಡೆಡ್ ಕೆಲಸಕ್ಕೆಂದು ಪುಣೆಗೆ ಬಂದವರು ಅಭ್ಯಾಸಕ್ಕೆ ಒಂದು ಬೋರ್ಡ್ ಹುಡುಕುತ್ತಲೇ ಇರುತ್ತಾರೆ. ಬುಧವಾರ ಪೇಠೆಯ ತಪಕೀರ ಗಲ್ಲಿಯಲ್ಲಿ ಕೇಳಿದರೆ ಅಗ್ಗದ ಬ್ಲೂ ಪಿಲ್ ತೋರಿಸುತ್ತಾರೆ, ಗೆಳೆಯರನ್ನು ಕೇಳಿದರೆ ಪಿಕೊ ತಗೋ ಅನ್ನುತ್ತಾರೆ. ಎಲ್ಇಡಿ ಮಿನುಗಿಸುವುದಕ್ಕೆ ಯಾವುದಾದರೂ ಆದೀತು. ಆದರೆ ಕರ್ನಲ್ (ಟಾಸ್ಕ್‌ಗಳನ್ನು ಓಡಿಸುವ ಮೂಲ ತಂತ್ರಾಂಶ) ಒಳಗೆ ಇಂಟರಪ್ಟ್ (ಓಡುತ್ತಿರುವ ಕೋಡನ್ನು ತಡೆದು ಬರುವ ತುರ್ತು ಕರೆ) ಪ್ರಯಾರಿಟಿ ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ ಎಂದು ಕಲಿಯುವುದಿದ್ದರೆ ಬೆಲೆಗಿಂತ ಮೊದಲು ಕೇಳಬೇಕಾದ್ದು ಒಂದೇ: ಅದರ ಪ್ರೊಸೆಸರ್‌ನಲ್ಲಿ ಬೇಸ್‌ಪ್ರಿ ರಿಜಿಸ್ಟರ್ ಇದೆಯೇ?

ಮೊದಲ ಪಿಕೊದ ಆರ್‌ಪಿ2040 ಚಿಪ್‌ನಲ್ಲಿರುವುದು ಕಾರ್ಟೆಕ್ಸ್ ಎಂ0 ಪ್ಲಸ್. ಅದರಲ್ಲಿ ಪ್ರಯಾರಿಟಿಗೆ 2 ಬಿಟ್, ಅಂದರೆ 4 ಲೆವೆಲ್ ಮಾತ್ರ. ಬೇಸ್‌ಪ್ರಿ ಇಲ್ಲವೇ ಇಲ್ಲ. ಕರ್ನಲ್ ತನ್ನ ಕ್ಯೂ, ಲಿಸ್ಟ್‌ಗಳನ್ನು ಕಾಪಾಡಿಕೊಳ್ಳಬೇಕೆಂದರೆ ಪ್ರೈಮಾಸ್ಕ್ ಹಾಕಿ ಎಲ್ಲ ಇಂಟರಪ್ಟ್‌ಗಳನ್ನೂ ಮುಚ್ಚಬೇಕು. ನ್ಯೂಕ್ಲಿಯೊ ಎಫ್446ಆರ್‌ಇಯಲ್ಲಿ ಕಾರ್ಟೆಕ್ಸ್ ಎಂ4 ಇದೆ: 180 ಮೆಗಾಹರ್ಟ್ಸ್, 512 ಕೆಬಿ ಫ್ಲ್ಯಾಶ್, 128 ಕೆಬಿ ರ‍್ಯಾಮ್, ಪ್ರಯಾರಿಟಿಗೆ 4 ಬಿಟ್, 0ರಿಂದ 15ರವರೆಗೆ 16 ಲೆವೆಲ್. ಬೇಸ್‌ಪ್ರಿ ಇರುವುದರಿಂದ ಒಂದು ಲೆವೆಲ್‌ನಿಂದ ಕೆಳಗಿನವುಗಳನ್ನಷ್ಟೇ ತಡೆದು, ಮೇಲಿನವುಗಳನ್ನು ಓಡಲು ಬಿಡಬಹುದು. ಚಾಕಣ, ಭೋಸರಿ ಕಡೆ ಮೋಟಾರ್ ಕಂಟ್ರೋಲರ್ ಕೆಲಸಕ್ಕೆ ಸೇರುವವರಿಗೆ ಇದು ಬರಲೇಬೇಕು. 20 ಕಿಲೋಹರ್ಟ್ಸ್ ಕರೆಂಟ್ ಲೂಪ್‌ಗೆ ಸಿಗುವುದು 50 ಮೈಕ್ರೋಸೆಕೆಂಡ್. ಕರ್ನಲ್ ಕ್ಯೂ ತುಂಬಿ ಮುಗಿಸಲಿ ಎಂದು ಅದು ಕಾಯುವ ಹಾಗಿಲ್ಲ.

ಹಳೆಯ ಯುನಿಕ್ಸ್‌ನ ಎಸ್‌ಪಿಎಲ್ ಫಂಕ್ಷನ್‌ಗಳು, ವಿಂಡೋಸ್‌ನ ಐಆರ್‌ಕ್ಯೂಎಲ್ ಮಾಡುವುದೂ ಇದೇ ಕೆಲಸ: ಲೆವೆಲ್ ಏರಿಸು, ಕೆಲಸ ಮುಗಿಸು, ಹಿಂದಿದ್ದ ಲೆವೆಲ್‌ಗೇ ಮರಳು. ಆದರೆ ಅಲ್ಲಿ ಅಂಕಿ ದೊಡ್ಡದಾದಷ್ಟೂ ಲೆವೆಲ್ ಮೇಲೆ. ಆರ್ಮ್‌ನಲ್ಲಿ ತಿರುವುಮುರುವು, 0 ಎಲ್ಲಕ್ಕಿಂತ ಮೇಲು, 15 ಎಲ್ಲಕ್ಕಿಂತ ಕೆಳಗೆ. ಇಂಥ ಬೋರ್ಡ್‌ಗಳ ಮೇಲೆ ಓಡಿಸುವ ಪುಟ್ಟ ಕರ್ನಲ್ ಆದ ಫ್ರೀಆರ್‌ಟಾಸ್‌ನ ಟಾಸ್ಕ್ ಪ್ರಯಾರಿಟಿಯಲ್ಲಿ ಮತ್ತೆ ದೊಡ್ಡ ಅಂಕಿಯೇ ಮೇಲು. ಹೊಸಬರ ಅರ್ಧ ತಪ್ಪುಗಳು ಇಲ್ಲಿಂದಲೇ ಶುರುವಾಗುತ್ತವೆ.

ಈ ಬೋರ್ಡ್ ಮೇಲೆ ಮೊದಲು ಮಾಡಲೇಬೇಕಾದ ಪ್ರಯೋಗ ಒಂದಿದೆ. ಗಡಿಯಾರ 180 ಮೆಗಾಹರ್ಟ್ಸ್‌ನಲ್ಲಿದ್ದಾಗ ಟೈಮರ್ 2 ಮತ್ತು 3ಕ್ಕೆ ಸಿಗುವುದು 90 ಮೆಗಾಹರ್ಟ್ಸ್. ಪ್ರಿಸ್ಕೇಲರ್ ಎರಡಕ್ಕೂ 0 ಇಡಿ. ಆಟೊ ರಿಲೋಡ್‌ನಲ್ಲಿ ಟೈಮರ್ 2ಕ್ಕೆ 8999 ಬರೆದರೆ 100 ಮೈಕ್ರೋಸೆಕೆಂಡಿಗೊಮ್ಮೆ, ಟೈಮರ್ 3ಕ್ಕೆ 4499 ಬರೆದರೆ 50 ಮೈಕ್ರೋಸೆಕೆಂಡಿಗೊಮ್ಮೆ ಇಂಟರಪ್ಟ್ ಬರುತ್ತದೆ. ಟೈಮರ್ 2ಕ್ಕೆ ಪ್ರಯಾರಿಟಿ 6 ಕೊಟ್ಟು ಡಿ7 ಪಿನ್ ಟಾಗಲ್ ಮಾಡಿಸಿ. ಟೈಮರ್ 3ಕ್ಕೆ 3 ಕೊಟ್ಟು ಡಿ6 ಪಿನ್. ಫ್ರೀಆರ್‌ಟಾಸ್ ಸಂರಚನೆಯಲ್ಲಿ ಕರ್ನಲ್ ಗೆರೆಯನ್ನು 5ಕ್ಕೆ ಎಳೆಯಿರಿ, ಅಂದರೆ ಕರ್ನಲ್ 5 ಮತ್ತು ಅದಕ್ಕಿಂತ ಕೆಳಗಿನ ಲೆವೆಲ್‌ಗಳನ್ನಷ್ಟೇ ತಡೆಯಲಿ. ಬಳಿಕ ಒಂದು ಟಾಸ್ಕ್‌ನಲ್ಲಿ ಕ್ರಿಟಿಕಲ್ ಸೆಕ್ಷನ್ (ಇಂಟರಪ್ಟ್ ತಡೆದು ಓಡಿಸುವ ಭಾಗ) ಹೊಕ್ಕು 54,000 ಸೈಕಲ್, ಅಂದರೆ 300 ಮೈಕ್ರೋಸೆಕೆಂಡ್, ಸುಮ್ಮನೆ ಸುತ್ತುವ ಲೂಪ್ ಬರೆಯಿರಿ.

ಲಾಜಿಕ್ ಅನಲೈಜರ್ (ಪಿನ್‌ಗಳ ಏರಿಳಿತ ತೋರಿಸುವ ಉಪಕರಣ) ಹಚ್ಚಿದರೆ ಡಿ6ರ ಅಲೆ ಏನೂ ಆಗದಂತೆ ಓಡುತ್ತಿರುತ್ತದೆ, ಡಿ7 ಮಾತ್ರ 300 ಮೈಕ್ರೋಸೆಕೆಂಡ್ ಚಪ್ಪಟೆ ಮಲಗಿರುತ್ತದೆ. ಸೆಕ್ಷನ್ ಮುಗಿದ ಕೂಡಲೇ ಡಿ7 ಟಾಗಲ್ ಆಗುವುದು ಒಂದೇ ಸಲ. ಆ ಅವಧಿಯಲ್ಲಿ ಟೈಮರ್ 2 ಮೂರು ಸಲ ಉಕ್ಕಿತ್ತು. ಬಾಕಿ ಇದೆ ಎಂದು ನೆನಪಿಡಲು ಇರುವುದು ಒಂದೇ ಬಿಟ್, ಹಾಗಾಗಿ ಎರಡು ಇಂಟರಪ್ಟ್ ಕಳೆದೇ ಹೋದವು. ಕ್ರಿಟಿಕಲ್ ಸೆಕ್ಷನ್ ಚಿಕ್ಕದಿರಲಿ ಎಂದು ಎಲ್ಲರೂ ಯಾಕೆ ಹೇಳುತ್ತಾರೆ ಎಂಬುದು ಈ ಒಂದು ಚಿತ್ರದಲ್ಲಿ ಕಾಣುತ್ತದೆ. ಅದೇ ಜಾಗದಲ್ಲಿ ಪ್ರೈಮಾಸ್ಕ್ ಹಾಕಿ ನೋಡಿ, ಎರಡೂ ಅಲೆ ನಿಲ್ಲುತ್ತವೆ.

ಇನ್ನು ಟೈಮರ್ 2ರ ಪ್ರಯಾರಿಟಿಯನ್ನು 2ಕ್ಕೆ ಏರಿಸಿ, ಅದರ ಹ್ಯಾಂಡ್ಲರ್‌ನಿಂದ (ಇಂಟರಪ್ಟ್ ಬಂದಾಗ ಓಡುವ ಫಂಕ್ಷನ್) ಕ್ಯೂಗೆ ಡೇಟಾ ಕಳಿಸಿ. ಫ್ರೀಆರ್‌ಟಾಸ್‌ನ ತಪ್ಪು ಹಿಡಿಯುವ ಕಾನ್ಫಿಗ್ ಅಸರ್ಟ್ ಆನ್ ಇದ್ದರೆ ಕರ್ನಲ್ ಅಲ್ಲೇ ಹಿಡಿದು ನಿಲ್ಲಿಸುತ್ತದೆ. ಆಫ್ ಇದ್ದರೆ ಸ್ವಲ್ಪ ಹೊತ್ತು ಎಲ್ಲ ಸರಿಯಾಗಿಯೇ ಓಡಿ, ಎಂದೋ ಒಮ್ಮೆ ಲಿಸ್ಟ್ ಕೆಟ್ಟು ಹಾರ್ಡ್‌ಫಾಲ್ಟ್ ಆಗುತ್ತದೆ. ಗೆರೆಯ ಮೇಲಿನ ಹ್ಯಾಂಡ್ಲರ್‌ಗೆ ಕರ್ನಲ್ ಅಡ್ಡ ಬರುವುದಿಲ್ಲ ನಿಜ; ಅದಕ್ಕೆ ಪ್ರತಿಯಾಗಿ ಆ ಹ್ಯಾಂಡ್ಲರ್ ಕರ್ನಲ್‌ನ ಯಾವ ಫಂಕ್ಷನ್ನನ್ನೂ ಮುಟ್ಟಬಾರದು. ನೆನಪಿಡಿ, ರೀಸೆಟ್ ಆದಮೇಲೆ ಪ್ರತಿ ಇಂಟರಪ್ಟ್‌ನ ಪ್ರಯಾರಿಟಿ 0. ಪ್ರಯಾರಿಟಿ ಕೊಡಲು ಮರೆತ ಯುಆರ್ಟ್ (ಸೀರಿಯಲ್ ಪೋರ್ಟ್) ತಾನಾಗಿಯೇ ಗೆರೆಯ ಮೇಲೆ ಕೂತಿರುತ್ತದೆ.

ಬೇಸ್‌ಪ್ರಿಗೆ ನೇರವಾಗಿ ಬರೆಯುವಾಗ ಇನ್ನೊಂದು ಹೊಂಡ. ಪ್ರಯಾರಿಟಿ ಹೊಂದಿಸುವ ಸಿಮ್ಸಿಸ್ (ಆರ್ಮ್‌ನ ಲೈಬ್ರರಿ) ಫಂಕ್ಷನ್‌ಗೆ 5 ಕೊಟ್ಟರೆ ಅದೇ ಶಿಫ್ಟ್ ಮಾಡಿಕೊಳ್ಳುತ್ತದೆ. ಬೇಸ್‌ಪ್ರಿ ಫಂಕ್ಷನ್ ಮಾಡುವುದಿಲ್ಲ. ಇರುವ 4 ಬಿಟ್ ಮೇಲಿನ ಅರ್ಧದಲ್ಲಿರುವುದರಿಂದ ಅಲ್ಲಿ 5ನ್ನು 4 ಬಿಟ್ ಎಡಕ್ಕೆ ಸರಿಸಿ 80 ಬರೆಯಬೇಕು. 5 ಎಂದೇ ಬರೆದರೆ ಕೆಳಗಿನ ಬಿಟ್‌ಗಳು ಬಿದ್ದುಹೋಗಿ 0 ಉಳಿಯುತ್ತದೆ, 0 ಅಂದರೆ ಯಾವುದನ್ನೂ ತಡೆಯಬೇಡ ಎಂದರ್ಥ. ಎರರ್ ಇಲ್ಲ, ವಾರ್ನಿಂಗ್ ಇಲ್ಲ, ರಕ್ಷಣೆಯೂ ಇಲ್ಲ. ಹೊರಬರುವಾಗ 0 ಬರೆಯದೆ, ಒಳಹೋಗುವಾಗ ಓದಿಟ್ಟ ಹಳೆಯ ಬೆಲೆಯನ್ನೇ ಬರೆಯಿರಿ. ಇಲ್ಲವಾದರೆ ಒಳಗಿನ ಸೆಕ್ಷನ್ ಮುಗಿದಾಗ ಹೊರಗಿನದೂ ತೆರೆದುಕೊಳ್ಳುತ್ತದೆ.

ಹ್ಯಾಂಡ್ಲರ್ ಒಂದೇ ಘಟನೆಗೆ ಎರಡು ಸಲ ಓಡುತ್ತಿದ್ದರೆ ಟೈಮರ್ ಫ್ಲ್ಯಾಗನ್ನು ಕೊನೆಯ ಸಾಲಿನಲ್ಲಿ ಅಳಿಸುತ್ತಿದ್ದೀರಿ ಎಂದೇ ತಿಳಿಯಿರಿ. ಬರಹ ಪೆರಿಫೆರಲ್ ಮುಟ್ಟುವ ಮುನ್ನವೇ ಹ್ಯಾಂಡ್ಲರ್ ಮುಗಿದಿರುತ್ತದೆ. ಮೊದಲ ಸಾಲಿನಲ್ಲೇ ಅಳಿಸಿ.

ಸ್ಟ್ಯಾಕ್ ಕಡೆಗೂ ಗಮನ ಬೇಕು. ಒಂದು ಹ್ಯಾಂಡ್ಲರ್ ಮೇಲೆ ಇನ್ನೊಂದು ಏರಿದಾಗಲೆಲ್ಲ ಮೇನ್ ಸ್ಟ್ಯಾಕ್ ಮೇಲೆ 32 ಬೈಟ್ ಫ್ರೇಮ್ ಕೂರುತ್ತದೆ. ಅಡ್ಡಿಯಾದ ಕೋಡ್ ಫ್ಲೋಟ್ ಬಳಸುತ್ತಿದ್ದರೆ 104 ಬೈಟ್. ಎಸ್‌ಟಿಯ ಕೋಡ್ ತಯಾರಿಸುವ ಉಪಕರಣ ಕ್ಯೂಬ್‌ಎಂಎಕ್ಸ್ ಇಡುವ ಸ್ಟ್ಯಾಕ್ 1024 ಬೈಟ್. ಮೂರು ನಾಲ್ಕು ಲೆವೆಲ್ ನೆಸ್ಟ್ ಆಗಿ, ಒಂದರಲ್ಲಿ ಪ್ರಿಂಟ್‌ಎಫ್ ಇದ್ದರೆ ಅದು ಸಾಲುವುದಿಲ್ಲ. ಬೇಕಾದ್ದು ಮೂರೇ ಲೆವೆಲ್ ಆದರೆ 16 ಇವೆ ಎಂದು ಹಂಚಬೇಡಿ.

ಬೋರ್ಡಿನ ಕೊರತೆಗಳೂ ಇವೆ. ಯುಎಸ್‌ಬಿ ಇನ್ನೂ ಮಿನಿ ಕನೆಕ್ಟರ್, ಫೋನ್ ಕೇಬಲ್ ನಡೆಯುವುದಿಲ್ಲ. ಬಳಕೆಗೆ ಒಂದೇ ಎಲ್ಇಡಿ. ಮುಖ್ಯ ಕ್ರಿಸ್ಟಲ್ ಹಾಕಿರುವುದಿಲ್ಲ, 8 ಮೆಗಾಹರ್ಟ್ಸ್ ಗಡಿಯಾರ ಬರುವುದು ಬೋರ್ಡ್ ಮೇಲಿನ ಡೀಬಗರ್ ಆದ ಎಸ್‌ಟಿ-ಲಿಂಕ್ ಭಾಗದಿಂದ. ಕ್ಯೂಬ್‌ಎಂಎಕ್ಸ್‌ನಲ್ಲಿ ಬೈಪಾಸ್ ಆರಿಸಬೇಕು.

ಬ್ಲೂ ಪಿಲ್‌ನ ಕಾರ್ಟೆಕ್ಸ್ ಎಂ3ರಲ್ಲೂ ಬೇಸ್‌ಪ್ರಿ ಇದೆ, 16 ಲೆವೆಲ್ ಇವೆ. ದುಡ್ಡು ಬಿಗಿಯಿದ್ದರೆ ಅದೂ ಆದೀತು. ಆದರೆ ನ್ಯೂಕ್ಲಿಯೊದಲ್ಲಿ ಡೀಬಗರ್ ಬೋರ್ಡ್ ಮೇಲೇ ಇದೆ, ಟ್ರೇಸ್ ಮಾಹಿತಿ ಹೊರಕಳಿಸುವ ಎಸ್‌ಡಬ್ಲ್ಯೂಒ ತಂತಿಯೂ ಸೇರಿದೆ. ಕ್ಯೂಬ್‌ಐಡಿಇಯ ಎಕ್ಸೆಪ್ಶನ್ ಟ್ರೇಸ್‌ನಲ್ಲಿ ಯಾವ ಇಂಟರಪ್ಟ್ ಯಾವಾಗ ಹೊಕ್ಕಿತು, ಯಾವಾಗ ಹೊರಬಂತು ಎಂದು ಸಾಲುಸಾಲಾಗಿ ಸಿಗುತ್ತದೆ. ಅಗ್ಗದ ಎಸ್‌ಟಿ-ಲಿಂಕ್ ಡಾಂಗಲ್‌ಗಳಲ್ಲಿ ಆ ಪಿನ್ ಸಾಮಾನ್ಯವಾಗಿ ಹೊರಗೇ ಬಂದಿರುವುದಿಲ್ಲ. ಅದೊಂದಕ್ಕೇ ಹೆಚ್ಚಿನ ದುಡ್ಡು ಕೊಡಬಹುದು.

ಜೊತೆಗೆ 24 ಮೆಗಾಹರ್ಟ್ಸ್‌ನ 8 ಚಾನಲ್ ಲಾಜಿಕ್ ಅನಲೈಜರ್ ಒಂದನ್ನು ತೆಗೆದುಕೊಳ್ಳಿ, ಮೇಲಿನ ಪ್ರಯೋಗಕ್ಕೆ ಸಾಕು. ಇಂಟರಪ್ಟ್ ಹೊಗುವ 12 ಸೈಕಲ್ ಅಳೆಯಲು ಅದನ್ನು ನಂಬಬೇಡಿ: ಅದು ಸುಮಾರು 67 ನ್ಯಾನೋಸೆಕೆಂಡ್, ಅನಲೈಜರ್ ಕಣ್ಣು ಬಿಡುವುದು 42 ನ್ಯಾನೋಸೆಕೆಂಡಿಗೊಮ್ಮೆ. ಅದಕ್ಕೆ ಪ್ರೊಸೆಸರ್ ಒಳಗಿನ ಸೈಕಲ್ ಕೌಂಟರ್ ಬಳಸಿ. ಬ್ಲೂ ಪಿಲ್ಲೇ ಕೊಳ್ಳುವುದಾದರೆ ಡೀಬಗ್ ಸಾಫ್ಟ್‌ವೇರ್ ಓಪನ್‌ಒಸಿಡಿ ತೋರಿಸುವ ಐಡಿ ನೋಡಿ. ಅಸಲಿ ಚಿಪ್‌ನದ್ದು 1ಬಿಎಯಿಂದ ಶುರುವಾಗುತ್ತದೆ, 2ಬಿಎ ಬಂದರೆ ತದ್ರೂಪು.