1955ರ ಬಿಎಸ್‌ಎ ಬಿ31ಗೆ ಹೊಸ ಹಾರ್ನೆಸ್, ಹಳೆ ಡಬ್ಬಿಯ ರೆಗ್ಯುಲೇಟರ್: ಹೇಗಿವೆ?

ಮೊದಲೇ ಹೇಳಿಬಿಡುತ್ತೇನೆ. ಡೈನಮೊದ ಕರೆಂಟನ್ನು ಹದದಲ್ಲಿಡುವ ಡಬ್ಬಿ, ಅಂದರೆ ರೆಗ್ಯುಲೇಟರ್‌ಗೆ ಪೂರ್ತಿ ಮಾರ್ಕ್ಸ್. ಗಾಡಿಯ ವೈರುಗಳ ಕಟ್ಟು, ಅಂದರೆ ಹಾರ್ನೆಸ್‌ಗೆ ಪಾಸ್ ಮಾರ್ಕ್ಸ್ ಅಷ್ಟೆ. ಎರಡನ್ನೂ ಒಂದೇ ಅಂಗಡಿಯಿಂದ ಪೋಸ್ಟಿನಲ್ಲಿ ತರಿಸಿದ್ದೆ.

ಗಾಡಿ ಒಂದೇ ಸಿಲಿಂಡರಿನ 350 ಸಿಸಿ ಬೈಕು. ನಾನಿರುವುದು ಬರ್ಮಿಂಗ್‌ಹ್ಯಾಮ್‌ನಲ್ಲಿ, ಅದು ಹುಟ್ಟಿದ್ದೂ ಇದೇ ಊರಿನ ಸ್ಮಾಲ್ ಹೀತ್‌ನಲ್ಲಿ. ಡೈನಮೊ, ಲೈಟು ಕೊಟ್ಟ ಲ್ಯೂಕಾಸ್ ಕೂಡ ಇಲ್ಲಿಯದೇ ಕಂಪನಿ. ಲ್ಯೂಕಾಸ್‌ಗೆ ‘ಕತ್ತಲೆಯ ರಾಜಕುಮಾರ’ ಅಂತ ಹೆಸರಿಟ್ಟು ನಗುವುದು ಇಲ್ಲಿನ ಬೈಕ್ ಮಂದಿಯ ಹಳೆ ಚಾಳಿ. ನನಗೇನೋ ಆ ಜೋಕ್ ಸರಿ ಅನಿಸುವುದಿಲ್ಲ. ನಾನು ಬಿಚ್ಚಿದ ವೈರಿಂಗ್‌ನಲ್ಲಿ ಲ್ಯೂಕಾಸ್ ತಪ್ಪಿಗಿಂತ, ಆಮೇಲೆ ಬಂದ ಮಾಲೀಕರು ಸುತ್ತಿದ ಟೇಪೇ ಜಾಸ್ತಿ ಇತ್ತು.

ಹಾರ್ನೆಸ್ ನೋಡಲು ಚೆಂದ. ಹೊರಗೆ ಕಪ್ಪು ನೂಲಿನ ಹೆಣಿಗೆ, ಒಳಗೆ ಈಗಿನ ಪಿವಿಸಿ ವೈರು. ತುದಿಯ ಹಿತ್ತಾಳೆ ಬುಲೆಟ್ ಕನೆಕ್ಟರ್‌ಗಳಿಗೆ ಬೆಸುಗೆ ಹಾಕಿದ್ದಾರೆ, ಸುಮ್ನೆ ಒತ್ತಿ ಬಿಟ್ಟಿಲ್ಲ. ಡೈನಮೊದಿಂದ ಕರೆಂಟ್ ತರುವ ಡಿ ವೈರು ಹಳದಿ, ಅದರ ಫೀಲ್ಡ್ ಕಾಯಿಲ್‌ಗೆ ಹೋಗುವ ಎಫ್ ವೈರು ಹಸಿರು, ಲ್ಯೂಕಾಸ್ ಪದ್ಧತಿಯಂತೆಯೇ. ಇಗ್ನಿಶನ್ ತಾನೇ ಕಿಡಿ ಹುಟ್ಟಿಸುವ ಮ್ಯಾಗ್ನೆಟೊದ್ದು, ಬ್ಯಾಟರಿ ಇಲ್ಲದಿದ್ದರೂ ಎಂಜಿನ್ ಶುರುವಾಗುತ್ತದೆ. ಹಾಗಾಗಿ ಹಾರ್ನೆಸ್‌ಗೆ ಚಾರ್ಜಿಂಗ್, ಲೈಟು, ಹಾರ್ನು ಬಿಟ್ಟರೆ ಬೇರೆ ಕೆಲಸವಿಲ್ಲ.

ಆ ಲೈಟಿನ ಹತ್ತಿರವೇ ತಕರಾರು. ಹೆಡ್‌ಲೈಟ್‌ಗೆ ಹೋಗುವ ವೈರು ತೆಳು. ತುದಿ ಸುಲಿದು ಎಳೆ ಎಣಿಸಿದೆ, 0.30 ಮಿ.ಮೀ.ನ 14 ಎಳೆ. 12 ವೋಲ್ಟಿನ ಗಾಡಿಗೆ ಇಷ್ಟು ನಡೆಯುತ್ತದೆ. ಇದು 6 ವೋಲ್ಟ್. 30 ವಾಟ್ ಬಲ್ಬು 12 ವೋಲ್ಟಿನಲ್ಲಿ ಎರಡೂವರೆ ಆಂಪ್ ತೆಗೆದುಕೊಂಡರೆ, ಇಲ್ಲಿ 5 ಆಂಪ್ ಬೇಕು. ದಾರಿಯಲ್ಲಿ ಕಾಲು ವೋಲ್ಟ್ ಹೋದರೂ ಬೆಳಕು ಮಂಕಾಗುವುದು ಕಣ್ಣಿಗೇ ಗೊತ್ತಾಗುತ್ತದೆ. ಆ ವೈರುಗಳನ್ನು ಕಿತ್ತು 28 ಎಳೆಯದ್ದು ಎಳೆದೆ. ನೂರು ಪೌಂಡಿನ ಹತ್ತಿರ ಕೊಟ್ಟ ಮೇಲೆ ಈ ಕೆಲಸ ನನ್ನ ತಲೆಗೆ ಬರಬಾರದಿತ್ತು, ಅಲ್ವಾ?

ಇನ್ನೊಂದು ಕೊರತೆ, ಸರ್ಕ್ಯೂಟ್ ಪೂರ್ತಿ ಮಾಡುವ ಅರ್ತ್ ವೈರು ಇಲ್ಲ. ಹಳೆ ಕಾಲದಂತೆ ಫ್ರೇಮನ್ನೇ ನಂಬಿದ್ದಾರೆ. ಆದರೆ ಈಗ ಫ್ರೇಮಿಗೆ ದಪ್ಪಗೆ ಪೌಡರ್ ಕೋಟಿಂಗ್ ಮಾಡಿಸುತ್ತೇವೆ. ಅದರ ಮೂಲಕ ಕರೆಂಟ್ ಹರಿಯುವುದಿಲ್ಲ. ಹೆಡ್‌ಲೈಟ್‌ನಿಂದ ಬ್ಯಾಟರಿಯ ಪಾಸಿಟಿವ್‌ಗೆ ಬೇರೆಯೇ ಒಂದು ವೈರು ಹಾಕಿಕೊಳ್ಳಿ. ಪಾಸಿಟಿವ್ ಯಾಕೆಂದರೆ ಈ ಗಾಡಿಯದು ಪಾಸಿಟಿವ್ ಅರ್ತ್, ಫ್ರೇಮಿಗೆ ಸೇರಿರುವುದು ಬ್ಯಾಟರಿಯ ಪಾಸಿಟಿವ್ ತುದಿ. ನೆಗೆಟಿವ್ ವೈರಿನಲ್ಲಿ ಒಂದು ಫ್ಯೂಸೂ ಇರಲಿ. ಬಿಎಸ್‌ಎಯವರು ಕೊಟ್ಟಿರಲಿಲ್ಲ ನಿಜ. ಹಳೆ ಬೈಕುಗಳ ಶೋನಲ್ಲಿ ಮಾರ್ಕ್ಸ್ ಹೋಗುತ್ತದೆ ಅನ್ನುವವರು ಬ್ಯಾಟರಿ ಹಿಂದೆ ಬಚ್ಚಿಡಿ.

ರೆಗ್ಯುಲೇಟರ್ ವಿಷಯ ಬೇರೆ. ನೋಡಲು ಅಪ್ಪಟ ಲ್ಯೂಕಾಸ್ ಆರ್‌ಬಿ107. ಅದೇ ಮುಚ್ಚಳ, ಕೆಳಗೆ ಅದೇ ಎಫ್, ಎ, ಡಿ, ಇ ಟರ್ಮಿನಲ್‌ಗಳ ಸಾಲು, ಬರಿ ವೈರು ತೂರಿಸಿ ಬಿಗಿಯುವ ಅದೇ ಪುಟ್ಟ ಸ್ಕ್ರೂಗಳು. ಒಳಗೆ ಮಾತ್ರ ಕಾಯಿಲ್ ಇಲ್ಲ, ಪಟಪಟ ಬಡಿಯುವ ಪಾಯಿಂಟ್ ಇಲ್ಲ. ಎಲೆಕ್ಟ್ರಾನಿಕ್ ಬೋರ್ಡ್ ಕೂರಿಸಿದ್ದಾರೆ. ಆರ್ಡರ್ ಮಾಡಲು ಫೋನ್ ಮಾಡಿದಾಗ ಎತ್ತಿಕೊಂಡ ಹಿರಿಯರು ದುಡ್ಡಿನ ಮಾತೇ ಎತ್ತಲಿಲ್ಲ. ‘ಅರ್ತ್ ಯಾವ ಕಡೆ? ಡೈನಮೊ ಮೋಟರ್ ತರ ತಿರುಗಿಸಿ ನೋಡಿದಿರಾ?’ ಅಂತ ಕೇಳಿದರು. ಡಿ, ಎಫ್ ಎರಡನ್ನೂ ಸೇರಿಸಿ ಬ್ಯಾಟರಿ ನೆಗೆಟಿವ್ ಕೊಟ್ಟು, ಡೈನಮೊ ಮೈಗೆ ಪಾಸಿಟಿವ್ ಮುಟ್ಟಿಸಿದರೆ ಅದು ನಿಧಾನವಾಗಿ ತಿರುಗಬೇಕು. ಬೆಂಚಿನ ಮೇಲೆ ಹಾಗೆ ಮಾಡಿ ನೋಡಿ, ತಿರುಗಿದ ಮೇಲೇ ಆರ್ಡರ್ ಕೊಟ್ಟೆ. ದುಡ್ಡು ಮಾಡುವುದಷ್ಟೇ ಅವರ ಉದ್ದೇಶವಾಗಿದ್ದರೆ ಡೈನಮೊ ಕೆಟ್ಟಿದ್ದರೂ ರೆಗ್ಯುಲೇಟರ್ ಮಾರಿ ಸುಮ್ಮನಿರಬಹುದಿತ್ತು.

ಈಗ ಹೆಡ್‌ಲೈಟ್ ಹಾಕಿಕೊಂಡು ಟಾಪ್ ಗೇರಿನಲ್ಲಿ 30 ಮೈಲಿ ವೇಗ ಹಿಡಿದರೆ ಅಮ್ಮೀಟರ್ ಮುಳ್ಳು ಸೊನ್ನೆ ದಾಟಿ ಚಾರ್ಜ್ ಕಡೆ ವಾಲುತ್ತದೆ. 60 ವಾಟ್ ಡೈನಮೊದಿಂದ ಇನ್ನೇನು ಕೇಳೋಣ. ‘ಒಳಗೆ ಎಲೆಕ್ಟ್ರಾನಿಕ್ ಇದ್ದರೆ ಅದು ಒರಿಜಿನಲ್ ಅಲ್ಲ’ ಅನ್ನುವವರ ಜೊತೆ ವಾದಕ್ಕೆ ನಾನು ತಯಾರಿಲ್ಲ.

ರೆಗ್ಯುಲೇಟರ್ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಹಾರ್ನೆಸ್ ಬೇಕಿದ್ದರೆ ಹೆಡ್‌ಲೈಟ್‌ಗೆ 28 ಎಳೆಯ ವೈರು ಹಾಕಿಕೊಡಲು ಮೊದಲೇ ಹೇಳಿ. 1958ರ ಅಥವಾ ಆಮೇಲಿನ ಬಿ31 ಇರುವವರು ಎರಡನ್ನೂ ತರಿಸಬೇಡಿ. ಅದರಲ್ಲಿ ಡೈನಮೊ ಬದಲು ಆಲ್ಟರ್ನೇಟರ್, ಮ್ಯಾಗ್ನೆಟೊ ಬದಲು ಕಾಯಿಲ್ ಇಗ್ನಿಶನ್ ಇದೆ, ವೈರಿಂಗೇ ಬೇರೆ.